ಸಹಾಯ ಬೇಕು: ಮಗುವನ್ನು ಕಳೆದುಕೊಂಡ ಕುಟುಂಬಗಳಿಗೆ ಆಸ್ಪತ್ರೆಯಲ್ಲೊಂದು ಪ್ರತ್ಯೇಕ ಕೋಣೆ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನನ್ನ ತಂಗಿಯ ಮಗು ಎಂಟನೆಯ ತಿಂಗಳಿನಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಕೆಯನ್ನು ಬಾಣಂತಿಯರ ವಾರ್ಡಿನಲ್ಲೇ ಮಲಗಿಸಿದರು. ಪಕ್ಕದ ಮಂಚದ ಕೂಸು ಅತ್ತಾಗಲೆಲ್ಲ, ಎದೆಯಲ್ಲಿ ಹಾಲು ಕಟ್ಟಿಕೊಂಡಿದ್ದ ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡು ಎರಡು ರಾತ್ರಿ ಕಳೆದಳು. ಮಗುವಿನ ತಂದೆ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಜನ ಓಡಾಡುವ ಕಾರಿಡಾರಿನಲ್ಲಿಯೇ ನಿಂತಿದ್ದರು. ಸಿಬ್ಬಂದಿಗೆ ಕರುಣೆ ಇರಲಿಲ್ಲವೆಂದಲ್ಲ, ಜಾಗವೇ ಇರಲಿಲ್ಲ.

ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಇಂಥ ಕುಟುಂಬಗಳಿಗೆಂದೇ ಪ್ರತ್ಯೇಕ ಕೋಣೆಯಿದ್ದು, ದೇಹವನ್ನು ತಂಪಾಗಿಡುವ ತೊಟ್ಟಿಲಿರುವುದರಿಂದ ತಂದೆತಾಯಿ ಮಗುವಿನೊಡನೆ ಹೆಚ್ಚು ಹೊತ್ತು ಕಳೆಯಬಹುದು. ನಮ್ಮ ಕಡೆ ಸಾಮಾನ್ಯವಾಗಿ ಅದೇ ದಿನ ಮಣ್ಣು ಮಾಡುವುದರಿಂದ ಅಂಥ ತೊಟ್ಟಿಲು ತೀರ ಅಗತ್ಯವೆಂದು ನನಗೆ ಅನ್ನಿಸುವುದಿಲ್ಲ. ಹೆರಿಗೆ ವಾರ್ಡಿನ ಸದ್ದು ಕೇಳದಷ್ಟು ದೂರದಲ್ಲಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಮಂಚ, ಮನೆಯ ಹಿರಿಯರು ಕೂಡಲು ಒಂದು ಚಾಪೆ ಇದ್ದರೆ ಸಾಕು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಯಾವ ಆಸ್ಪತ್ರೆಯಲ್ಲಾದರೂ ಇಂಥ ವ್ಯವಸ್ಥೆ ಇದ್ದರೆ ದಯವಿಟ್ಟು ತಿಳಿಸಿ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆಯ ಸಮಯದಲ್ಲಿ ತಾಯಿಗೆ ಗೌರವದ ಆರೈಕೆ ಸಿಗಬೇಕೆನ್ನುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು ಜಿಲ್ಲಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಮನವಿ ಸಲ್ಲಿಸಬೇಕೆಂದಿದ್ದೇನೆ. ಮನವಿಯ ಕರಡನ್ನು ಓದಿ ತಿದ್ದಿಕೊಡಬಲ್ಲ ವೈದ್ಯರು ಮತ್ತು ನರ್ಸ್‌ಗಳು ಬೇಕಾಗಿದ್ದಾರೆ. ಇದೇ ನೋವನ್ನು ಉಂಡ ತಾಯಂದಿರು ಸಹಿ ಹಾಕಲು ಒಪ್ಪಿದರೆ ನನಗೆ ಖಾಸಗಿಯಾಗಿ ಬರೆಯಿರಿ. ಹೆಸರನ್ನು ಇಲ್ಲಿ ಹೇಳಬೇಕಾಗಿಲ್ಲ.