ಸೀಟಿನಡಿ ಮಚ್ಚು ಮಡಗಬಹುದಾ? ವಕೀಲರನ್ನು ಕೇಳಿ

ಪ್ರಶ್ನೆ (ಬೆಲ್ಲದ ವ್ಯಾಪಾರಿ, ಮಂಡ್ಯ): ಲಾಯರ್ ಸಾರ್, ಮಾರ್ಕೆಟ್ಟಿಂದ ದುಡ್ಡು ತಕೊಂಡು ರಾತ್ರಿ ನಾಗಮಂಗಲ ರೋಡಲ್ಲಿ ಊರಿಗೆ ಬರ್ಬೇಕು. ಕಾರಿನ ಸೀಟಿನಡಿ ಒಂದು ಮಚ್ಚು ಮಡಿಕ್ಕೊಂಡ್ರೆ ಕೇಸ್ ಆಯ್ತದಾ? 9 ಇಂಚಿನ ಒಳಗಿದ್ರೆ ಏನೂ ಮಾಡಕ್ಕಾಗಲ್ಲ ಅಂತಾರೆ, ನಿಜವಾ?

ಉತ್ತರ (ಕ್ರಿಮಿನಲ್ ವಕೀಲರು, ಮೈಸೂರು): ಆ 9 ಇಂಚಿನ ಮಾತು ಅರ್ಧ ಸತ್ಯ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳೂ ಇವೆ. ಮನೆ ಕೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಇಂಥವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 1ರಿಂದ 3 ವರ್ಷ ಜೈಲು. ಅಳತೆ ಅಷ್ಟಕ್ಕೇ ಸಂಬಂಧಪಟ್ಟಿದ್ದು. ನಿಷೇಧಾಜ್ಞೆ ಇರುವ ದಿನ (ಹಿಂದಿನ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163) ಆದೇಶದಲ್ಲಿ ದೊಣ್ಣೆ ಅಂತ ಬರೆದಿದ್ದರೆ ದೊಣ್ಣೆ ಹಿಡಿದವನ ಮೇಲೂ ಕೇಸ್ ಆಗುತ್ತದೆ.

ಇನ್ನು ಮಚ್ಚಿನ ವಿಚಾರ. ಕಬ್ಬು ಕಡಿದು ಬರುವವನ ಮಚ್ಚಿಗೆ ಸಿಪ್ಪೆ, ರಸದ ಕಲೆ ಅಂಟಿರುತ್ತದೆ, ಗೋಣಿಚೀಲ ಸುತ್ತಿ ಬೈಕಿನ ಕ್ಯಾರಿಯರ್‌ಗೆ ಕಟ್ಟಿರುತ್ತಾನೆ. ನಾಕಾಬಂದಿಯಲ್ಲಿ ಅವನನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ. ರಾತ್ರಿ 11ಕ್ಕೆ ಡ್ರೈವರ್ ಸೀಟಿನಡಿ ಸಿಕ್ಕ, ಹೊಸದಾಗಿ ಸಾಣೆ ಹಿಡಿಸಿ ಹಿಡಿಗೆ ಬಟ್ಟೆ ಬಿಗಿದ ಮಚ್ಚನ್ನು ಪೊಲೀಸರು ಲಾಂಗ್ ಅಂತಲೇ ನೋಡುತ್ತಾರೆ. 'ಆತ್ಮರಕ್ಷಣೆಗೆ ಸಾರ್' ಅಂದರೆ ಇನ್ನೂ ಕೆಟ್ಟಿತು. ಬೇಸಾಯದ ವಿನಾಯಿತಿಯನ್ನು ನೀವೇ ಬಾಯಾರೆ ಬಿಟ್ಟುಕೊಟ್ಟಂತೆ.

ಕಾನೂನು ಬದಿಗಿರಲಿ, ಸೀಟಿನಲ್ಲಿ ಕೂತು ಮಚ್ಚು ಬೀಸಕ್ಕಾಗುತ್ತದಾ? ಸ್ಟೀರಿಂಗು, ಬೆಲ್ಟು, ಮೇಲೆ ಟಾಪು. ಬಗ್ಗಿ ತೆಗೆಯುವಷ್ಟರಲ್ಲಿ ಬಾಗಿಲ ಬಳಿ ನಿಂತವನು ಕಿತ್ತುಕೊಂಡಿರುತ್ತಾನೆ.

ಪ್ರಶ್ನೆ (ಅದೇ ವ್ಯಾಪಾರಿ): ಹಂಗಾದ್ರೆ ಮೈಮೇಲೆ ಬಿದ್ರೆ ಸುಮ್ನೆ ಏಟು ತಿನ್ಬೇಕಾ ಸಾರ್?

ಉತ್ತರ: ಖಂಡಿತ ಬೇಡ ಅಣ್ಣ. ಆಯುಧ ಇಟ್ಟುಕೊಳ್ಳುವುದೇ ಬೇರೆ, ಆತ್ಮರಕ್ಷಣೆಯೇ ಬೇರೆ. ಎರಡನೆಯದಕ್ಕೆ ಯಾರ ಲೈಸೆನ್ಸೂ ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದರ ಬಗ್ಗೆಯೇ ಇವೆ. ಪ್ರಾಣ ಹೋಗುತ್ತದೆ, ತೀವ್ರ ಗಾಯವಾಗುತ್ತದೆ ಅನ್ನುವ ಭಯಕ್ಕೆ ಆಧಾರವಿದ್ದರೆ ಎದುರಾಳಿ ಸತ್ತರೂ ರಕ್ಷಣೆ ಉಂಟು. ಆಗ ಕೈಗೆ ಸಿಕ್ಕ ಜ್ಯಾಕ್ ರಾಡಿನಲ್ಲಿ ಹೊಡೆದಿದ್ದರೂ ವಾದ ನಿಲ್ಲುತ್ತದೆ.

ಕೇಸು ಕೆಡುವುದು 37ನೇ ಕಲಮಿನಲ್ಲಿ. ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಹುಟ್ಟುವುದಿಲ್ಲ. ಕೈಲಿದ್ದ ಚಾಕು ಬಿಸಾಕಿ ಬರಿಗೈಲಿ ಓಡುವವನ ಬೆನ್ನಿಗೆ ಹೊಡೆದರೆ ಅದು ಹಲ್ಲೆ. ಆತ್ಮರಕ್ಷಣೆ ಅಂತ ತೋರಿಸಿಕೊಡುವ ಹೊಣೆಯೂ ನಿಮ್ಮದೇ. ಮೊದಲೇ ಸೀಟಿನಡಿ ಮಚ್ಚು ಇತ್ತು ಅಂದರೆ 'ಇವನೇ ತಯಾರಾಗಿ ಬಂದಿದ್ದ' ಅಂತ ಎದುರು ಕಡೆಯವರು ಶುರು ಮಾಡುತ್ತಾರೆ.

ನಿಮ್ಮ ಕಷ್ಟ ಮಚ್ಚಿಂದಲ್ಲ, ನಗದಿನಿಂದ. ಮಂಡಿಯವರಿಂದ ಪಾವತಿಯನ್ನು ಖಾತೆಗೆ ಹಾಕಿಸಿಕೊಳ್ಳಿ. ನಗದೇ ತರಬೇಕಾದರೆ ಹೊತ್ತು ಮುಳುಗುವ ಮುಂಚೆ ಹೊರಡಿ, ದಿನಾ ಒಂದೇ ಟೈಮಿಗೆ ಬೇಡ, ಜೊತೆಗೊಬ್ಬರಿರಲಿ. ಬೈಕ್ ಅಡ್ಡ ಹಾಕಿದರೆ ಗಾಜು ಇಳಿಸಬೇಡಿ, 112ಕ್ಕೆ ಕರೆ ಮಾಡಿ.

ಪ್ರಶ್ನೆ (ಕಾಲೇಜು ಉಪನ್ಯಾಸಕಿ, ಮೈಸೂರು): ಸಾರ್, ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋಗ್ತೀನಿ. ಪೆಪ್ಪರ್ ಸ್ಪ್ರೇಗೂ ಲೈಸೆನ್ಸ್ ಬೇಕಾ?

ಉತ್ತರ: ಬೇಡ ಮೇಡಂ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಆದರೆ ಜಗಳಕ್ಕೆಲ್ಲ ಬಳಸುವ ಹಾಗಿಲ್ಲ. 2024ರ ಮೇನಲ್ಲಿ ನಮ್ಮ ಹೈಕೋರ್ಟ್, ಆಸ್ತಿ ತಕರಾರಿನ ಗಲಾಟೆಯಲ್ಲಿ ಸ್ಪ್ರೇ ಹೊಡೆದವರ ಮೇಲಿನ ಕೇಸನ್ನು ರದ್ದು ಮಾಡಲು ಒಪ್ಪಲಿಲ್ಲ. ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಸ್ಪ್ರೇ ಅಪಾಯಕಾರಿ ಆಯುಧವೇ ಅಂತ ಹೇಳಿತು.

ಬಳಕೆಯಲ್ಲಿ ಜನ ಎಡವುವುದು ಮೂರು ಕಡೆ. ಬ್ಯಾಗಿನ ತಳದಲ್ಲಿ ಟಿಫನ್ ಡಬ್ಬಿ ಕೆಳಗೆ ಇಟ್ಟಿರುತ್ತಾರೆ; ವಾಕಿಂಗ್ ಮಾಡುವಾಗ ಅದು ಕೈಯಲ್ಲೇ ಇರಬೇಕು, ಲಾಕ್ ತೆಗೆಯುವುದು ಬೆರಳಿಗೆ ರೂಢಿಯಾಗಿರಬೇಕು. ಎರಡನೆಯದು ಗಾಳಿ: ಎದುರುಗಾಳಿಗೆ ಒತ್ತಿದರೆ ಉರಿ ನಿಮ್ಮ ಕಣ್ಣಿಗೇ. ಕಾರು, ಆಟೋ ಒಳಗೂ ಅದೇ ಗತಿ. ಮೂರನೆಯದು ಡಬ್ಬಿ ಮೇಲಿನ ಅವಧಿ ದಿನಾಂಕ. ಹಳೆಯದಾದರೆ ಒತ್ತಡ ಇಳಿದು ತೊಟ್ಟಿಕ್ಕುತ್ತದಷ್ಟೆ. ಹೊಡೆದ ಮೇಲೆ ನಿಂತು ನೋಡಬೇಡಿ, ಜನ ಇರುವ ಕಡೆ ಓಡಿ. ನಿಮ್ಮ ಕಣ್ಣಿಗೆ ತಾಗಿದರೆ ಉಜ್ಜದೆ ತಣ್ಣೀರಲ್ಲಿ ತೊಳೆಯಿರಿ.

ಪ್ರಶ್ನೆ (ತಿ. ನರಸೀಪುರ): ಕೊಡಗಿನೋರಿಗೆ ಕೋವಿಗೆ ಲೈಸೆನ್ಸೇ ಬೇಡ್ವಂತೆ. ನಮ್ಗೆ ಚಿರತೆ ಕಾಟ, ನಾವ್ಯಾಕೆ ಇಟ್ಕೋಬಾರ್ದು?

ಉತ್ತರ: ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ ಮಾತ್ರ, ಸದ್ಯಕ್ಕೆ 2029ರವರೆಗೆ. ಉಳಿದವರ ಹತ್ತಿರ ಲೈಸೆನ್ಸಿಲ್ಲದ ನಾಡಕೋವಿ ಸಿಕ್ಕರೆ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ. ಲೈಸೆನ್ಸ್ ಬೇಕಿದ್ದರೆ ಮೈಸೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ತಾಲ್ಲೂಕಿನವರು ಮತ್ತು ಮಂಡ್ಯದವರು ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. ಪೊಲೀಸ್ ವರದಿ ಮೇಲೆ ತೀರ್ಮಾನ. 'ಭಯ ಇದೆ' ಅಂದರೆ ಸಾಲದು, ಬೆದರಿಕೆಯ ದೂರಿನ ಪ್ರತಿ ಅಥವಾ ಬೆಳೆ ಹಾನಿಯ ದಾಖಲೆ ಲಗತ್ತಿಸಿ. ಸಿಕ್ಕರೆ 5 ವರ್ಷದ ಅವಧಿ, ಹೆಚ್ಚೆಂದರೆ 2 ಕೋವಿ.

ಚಿರತೆ ಮೈಮೇಲೆ ಎರಗಿದಾಗ ಪ್ರಾಣ ಉಳಿಸಿಕೊಳ್ಳಲು ಕೊಂದರೆ ವನ್ಯಜೀವಿ ಕಾಯ್ದೆಯ 11(2)ರಲ್ಲಿ ಅಪರಾಧವಲ್ಲ. ಆದರೆ ಆ ಹೊತ್ತಿಗೆ ನೀವು ಅದೇ ಕಾಯ್ದೆಯನ್ನು ಮುರಿಯುತ್ತಿರಬಾರದು. ಬೇಟೆಗೆ ಹೊಂಚು ಹಾಕಿ ಕೂತವನಿಗೆ ಈ ರಕ್ಷಣೆ ಸಿಗದು. ಗದ್ದೆಗೆ ಹೋಗುವಾಗ ಟಾರ್ಚು, ದೊಣ್ಣೆ ಹಿಡಿದು ಇಬ್ಬರು ಮೂವರು ಜೋರಾಗಿ ಮಾತಾಡಿಕೊಂಡು ಹೋಗಿ, ಒಬ್ಬರೇ ಬಗ್ಗಿ ಕೂರಬೇಡಿ.

ಪ್ರಶ್ನೆ (ಬೆಲ್ಲದ ವ್ಯಾಪಾರಿ): ಕೊನೇದು ಸಾರ್. ಕೈಮೀರಿ ಹೊಡ್ದೇ ಬಿಟ್ರೆ, ಆಮೇಲೇನ್ಮಾಡದು?

ಉತ್ತರ: ಅಲ್ಲಿಂದ ಪರಾರಿಯಾಗಬೇಡಿ. ಪ್ರಾಣಾಪಾಯ ಇದ್ದರೆ ಸ್ವಲ್ಪ ದೂರ ಹೋಗಿ ನೀವೇ ಮೊದಲು 112ಕ್ಕೆ ಕರೆ ಮಾಡಿ, ಬಿದ್ದವನಿಗೆ ಆಂಬುಲೆನ್ಸ್ ಕೇಳಿ. ಕರೆಯ ಸಮಯ ದಾಖಲಾಗುತ್ತದೆ. ರಾಡನ್ನು ಒರೆಸಬೇಡಿ, ನಾಲೆಗೆ ಎಸೆಯಬೇಡಿ, ಹರಿದ ಶರ್ಟು ಒಗೆಯಬೇಡಿ. ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಿ, ಗೀರು ಗಾಯವೂ ವೂಂಡ್ ಸರ್ಟಿಫಿಕೇಟಿನಲ್ಲಿ ಬರಲಿ. ದೂರಿನಲ್ಲಿ ಅವರು ಎಷ್ಟು ಜನ, ಯಾರ ಕೈಲಿ ಏನಿತ್ತು, ನೀವು ಎಷ್ಟು ಏಟು ಹೊಡೆದಿರಿ ಎಲ್ಲ ಇದ್ದದ್ದು ಇದ್ದಂತೆ ಬರಲಿ. ಒಂದೇಟು ಅಂತ ಬರೆಸಿ ವೈದ್ಯರ ವರದಿಯಲ್ಲಿ ಆರು ಬಂದರೆ, ನಿಮ್ಮ ಪರ ನಿಂತ ವಕೀಲನಿಗೆ ಕೋರ್ಟಿನಲ್ಲಿ ಬಾಯಿ ಕಟ್ಟುತ್ತದೆ.