ಸಹಾಯ ಬೇಕು: ಅಣ್ಣನ ಅಂಗವೈಕಲ್ಯ ಪಿಂಚಣಿ ವಿಚಾರ, ಪುಣೆ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಈಗ ಖಡಕಿಯಲ್ಲಿದ್ದೇವೆ. ನಮ್ಮಣ್ಣ 17 ವರ್ಷ ಸೈನ್ಯದಲ್ಲಿದ್ದು 2019ರಲ್ಲಿ ನಿವೃತ್ತರಾದರು. ಸೇರುವಾಗ ಮೈ ಕಬ್ಬಿಣದಂತಿತ್ತು. ಬರುವಾಗ ಬೆನ್ನಿನ ಡಿಸ್ಕ್ ಜಾರಿತ್ತು. ಬಿಡುಗಡೆ ವೇಳೆಯ ಮೆಡಿಕಲ್ ಬೋರ್ಡ್ 30% ಅಂಗವೈಕಲ್ಯ ಅಂತ ಬರೆಯಿತು, ಆದರೆ ಸೇವೆಗೂ ಇದಕ್ಕೂ ಸಂಬಂಧವಿಲ್ಲ ಅಂದಿತು. ಹಾಗಾಗಿ ಅಂಗವೈಕಲ್ಯದ ಹಣ ಸಿಗಲಿಲ್ಲ. ಸೈನ್ಯಕ್ಕೇ ಸಲ್ಲಿಸಿದ ಮೊದಲ ಮೇಲ್ಮನವಿಯೂ ತಿರಸ್ಕಾರವಾಯಿತು.

ಮೂರು ಕಡೆ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. 12 ತಾಸು ನಿಲ್ಲಬೇಕು, ಆಗುತ್ತಾ? ಎರಡು ತಿಂಗಳಿಗೇ ಮನೆಗೆ. ಮನೆಯಲ್ಲಿ ಸುಮ್ನೆ ಕೂತಿರೋದು ನೋವಿಗಿಂತ ಜಾಸ್ತಿ ಕಾಡುತ್ತಿದೆ ಅವರಿಗೆ.

ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ, ಆಮೇಲೆ ಬಂದದ್ದನ್ನು ಸೇವೆಯಿಂದಲೇ ಬಂದದ್ದೆಂದು ನೋಡಬೇಕು, ಸಾಬೀತು ಮಾಡುವ ಹೊರೆ ಸೈನಿಕನದಲ್ಲ ಅಂತ 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕೇಸೂ ಹಾಗೇ ಅಲ್ವಾ?

ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬೈ ಪೀಠಕ್ಕೆ ಹೋದವರು ಇಲ್ಲಿದ್ದೀರಾ? ಎರಡನೇ ಮೇಲ್ಮನವಿ ಮುಗಿಸಿಯೇ ಹೋದಿರಾ? ಕನ್ನಡ ಬಲ್ಲ ವಕೀಲರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅಣ್ಣ ತಾವಾಗಿ ಯಾರನ್ನೂ ಕೇಳುವವರಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.