ಕೋಚಿಂಗ್ ಸೆಂಟರ್‌ಗೆ ಒಂದೇ ಮೆಟ್ಟಿಲು, ಟೆರೇಸ್‌ಗೆ ಬೀಗ: ದೂರು ಕೊಟ್ಟರೆ ದಂಡ ಬೀಳುತ್ತಾ?

ಪ್ರಶ್ನೆ: ಶಿವಮೊಗ್ಗದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸೆಕೆಂಡ್ ಪಿಯುಸಿ. ನೀಟ್‌ಗೆ ಅಂತ ಸಂಜೆ ಒಂದು ಕೋಚಿಂಗ್ ಸೆಂಟರ್‌ಗೆ ಹೋಗುತ್ತಾಳೆ. ಹೆಸರು ಇಲ್ಲಿ ಬೇಡ. ಪಾಠ ಚೆನ್ನಾಗಿಯೇ ಮಾಡುತ್ತಾರೆ. ನನ್ನ ಚಿಂತೆ ಏನಿದ್ದರೂ ಕಟ್ಟಡದ್ದು.

ಕ್ಲಾಸ್ ಇರುವುದು ಮೂರನೇ ಮಹಡಿಯಲ್ಲಿ. ನೆಲಮಹಡಿಯಲ್ಲಿ ಬೇಕರಿ, ಅದರ ಮೇಲೆ ಮೊಬೈಲ್ ರಿಪೇರಿ, ಅದರ ಮೇಲೆ ಒಂದು ಫೈನಾನ್ಸ್ ಆಫೀಸು. ಹತ್ತಲು ಇಳಿಯಲು ಒಂದೇ ಮೆಟ್ಟಿಲು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಕರೆಂಟ್ ಮೀಟರ್‌ಗಳೆಲ್ಲ ಮೆಟ್ಟಿಲ ಕೆಳಗೇ ಇವೆ, ಅದಕ್ಕೆ ತಾಗಿಕೊಂಡೇ ಬೇಕರಿಯವರ ಖಾಲಿ ರಟ್ಟಿನ ಡಬ್ಬಗಳ ರಾಶಿ. ಫೀಸ್ ಕಟ್ಟಲು ಹೋದಾಗ ಟೆರೇಸ್ ಹೇಗಿದೆ ನೋಡೋಣ ಅಂತ ಹತ್ತಿದೆ. ಗ್ರಿಲ್ ಗೇಟು, ಅದಕ್ಕೆ ತುಕ್ಕು ಹಿಡಿದ ಬೀಗ. ಬೀಗದ ಕೈ ಓನರ್ ಹತ್ತಿರ, ಓನರ್ ಇರುವುದು ಬೆಂಗಳೂರಿನಲ್ಲಿ!

ಕ್ಲಾಸಿನ ಕಿಟಕಿಗಳಿಗೆ ಹೊರಗಿನಿಂದ ರ‍್ಯಾಂಕ್ ಬಂದ ಮಕ್ಕಳ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಹೊಡೆದಿದ್ದಾರೆ. ಒಂದು ಬ್ಯಾಚಿಗೆ 80 ಮಕ್ಕಳು. ಬಾಗಿಲು ಬೆರಳಚ್ಚು ಕೊಟ್ಟರೆ ತೆರೆಯುವಂಥದ್ದು. ಬೆಂಕಿ ಆರಿಸುವ ಸಿಲಿಂಡರ್ ಒಂದಿದೆ, ಅದೂ ವಾಟರ್ ಫಿಲ್ಟರ್ ಹಿಂದೆ. ಅದರ ಮುಳ್ಳು ಕೆಂಪಿಗೆ ಇಳಿದಿದೆ.

ಮ್ಯಾನೇಜರನ್ನು ಕೇಳಿದೆ. "ಮೇಡಂ, ನಮ್ಮ ಬಿಲ್ಡಿಂಗ್ ಎತ್ತರ ಕಡಿಮೆ, ಫೈರ್ ಎನ್‌ಒಸಿ ಬೇಕಾಗೇ ಇಲ್ಲ" ಅಂದರು. ಎನ್‌ಒಸಿ ಅಂದರೆ ಅಗ್ನಿಶಾಮಕ ಇಲಾಖೆ ಕೊಡುವ ನಿರಾಕ್ಷೇಪಣಾ ಪತ್ರ. ಇದು ನಿಜಾನಾ? ದೂರು ಯಾರಿಗೆ ಕೊಡಬೇಕು? ಕೊಟ್ಟರೆ ದಂಡ ಎಷ್ಟು ಬೀಳುತ್ತೆ? ದಯವಿಟ್ಟು ಗೊತ್ತಿದ್ದವರು ಹೇಳಿ.

ಉತ್ತರ: ಭದ್ರಾವತಿ ಅಪ್ಪ

ಅಕ್ಕಾ, ನಿಮ್ಮ ಆತಂಕ ಅರ್ಥ ಆಗುತ್ತೆ. ನನ್ನ ಮಗನೂ ಇಂಥದ್ದೇ ಕಡೆ ಓದುತ್ತಿದ್ದಾನೆ. ಆದರೆ ಈಗ ದೂರು ಕೊಟ್ಟು, ಅವರು ಬಂದು ಸೀಲ್ ಹಾಕಿಬಿಟ್ಟರೆ ಪರೀಕ್ಷೆ ಹೊತ್ತಿಗೆ ಮಕ್ಕಳು ಎಲ್ಲಿಗೆ ಹೋಗಬೇಕು? ಫೀಸ್ ಅಂತೂ ವಾಪಸ್ ಬರಲ್ಲ. ಇನ್ನೊಂದು ಭಯ, ಯಾರು ದೂರು ಕೊಟ್ಟಿದ್ದು ಅಂತ ಗೊತ್ತಾದರೆ ಮಗುವನ್ನು ನೋಡುವ ರೀತಿ ಬದಲಾಗುತ್ತೆ. ಏನು ಮಾಡಬೇಕು ಅಂತ ನನಗೂ ತಿಳಿಯುತ್ತಿಲ್ಲ.

ಉತ್ತರ: ನಿವೃತ್ತ ಠಾಣಾಧಿಕಾರಿ, ಅಗ್ನಿಶಾಮಕ

ನೋಡಿ ಅಮ್ಮಾ, ನೀವು ಟೆರೇಸ್‌ವರೆಗೂ ಹತ್ತಿ ಬೀಗ ನೋಡಿ ಬಂದಿದ್ದೀರಲ್ಲ, ತಪಾಸಣೆಗೆ ಹೋದಾಗ ನಾವೂ ಮೊದಲು ಅಲ್ಲಿಗೇ ಹೋಗುತ್ತಿದ್ದೆವು.

ಮ್ಯಾನೇಜರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿಯ ವಿಷಯಕ್ಕೇ ಮೀಸಲು. ಅದರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದು ಹೈರೈಸ್. ಗ್ರೌಂಡ್ ಪ್ಲಸ್ ತ್ರೀ ಸಾಮಾನ್ಯವಾಗಿ ಅದರೊಳಗೆ ಬರಲ್ಲ. ಹಾಗಾಗಿ ಹೈರೈಸ್‌ಗೆ ಕೇಳುವ ಎನ್‌ಒಸಿ ಇದಕ್ಕೆ ಕೇಳದೇ ಇರಬಹುದು. ಆದರೆ ಎನ್‌ಒಸಿ ಬೇಡ ಅಂದಮಾತ್ರಕ್ಕೆ ಮಕ್ಕಳು ಓಡುವ ದಾರಿಗೆ ಬೀಗ ಜಡಿಯಬಹುದು ಅಂತ ಎಲ್ಲೂ ಬರೆದಿಲ್ಲ. ಎತ್ತರದ ಲೆಕ್ಕ ಕಾಗದಕ್ಕೆ. ಹೊಗೆಗೆ ಮೂರು ಮಹಡಿ ಸಾಕು.

ಬೆಂಕಿ ಅಂದರೆ ಜನ ಉರಿ ನೆನೆಸಿಕೊಳ್ಳುತ್ತಾರೆ. ನಾವು ಹೊತ್ತು ಇಳಿಸಿದವರಲ್ಲಿ ಹೆಚ್ಚಿನವರ ಮೈ ಮೇಲೆ ಸುಟ್ಟ ಗಾಯವೇ ಇರುತ್ತಿರಲಿಲ್ಲ. ಹೊಗೆ ಕುಡಿದು ಬಿದ್ದವರು ಅವರು. ನಿಮ್ಮ ಕಟ್ಟಡದಲ್ಲಿ ಮೀಟರ್ ಬೋರ್ಡಿನಲ್ಲಿ ಒಂದು ಕಿಡಿ ಹಾರಿ ಆ ರಟ್ಟಿಗೆ ಬಿತ್ತು ಅಂತ ಇಟ್ಟುಕೊಳ್ಳಿ. ವೈರಿನ ಪ್ಲಾಸ್ಟಿಕ್, ರಟ್ಟು ಎರಡೂ ಸೇರಿ ಕಪ್ಪು ಹೊಗೆ ಏಳುತ್ತೆ. ಮೇಲೆ ಬಾಗಿಲು ಮುಚ್ಚಿದ ಮೆಟ್ಟಿಲ ಗೂಡು ತುದಿ ಮುಚ್ಚಿದ ಚಿಮಣಿ ಇದ್ದ ಹಾಗೆ. ಹೊಗೆ ಸೀದಾ ಮೇಲಕ್ಕೆ ಬಂದು, ಹೊರಗೆ ಹೋಗಲು ದಾರಿ ಇಲ್ಲದೆ ಮೂರನೇ ಮಹಡಿಗೇ ತಿರುಗುತ್ತೆ. ಕಿಟಕಿಗೆ ಫ್ಲೆಕ್ಸ್ ಇರುವುದರಿಂದ ಅಲ್ಲಿಂದಲೂ ಹೋಗಲ್ಲ. ನಮ್ಮ ಹುಡುಗರು ಏಣಿ ತಂದರೂ ಕಿಟಕಿ ಎಲ್ಲಿದೆ ಅಂತ ಕೆಳಗಿನಿಂದ ಕಾಣಲ್ಲ.

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಆಗಿದ್ದು ಹೆಚ್ಚುಕಮ್ಮಿ ಇದೇ. ವಿದ್ಯುತ್ ಡಕ್ಟಿನಲ್ಲಿ ಶುರುವಾದ ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು. ತುರ್ತು ಬಾಗಿಲುಗಳಿಗೆ ಬೀಗ ಇತ್ತು. 9 ಜನ ಹೋದರು, ಅವರಲ್ಲಿ ಕಿಟಕಿಯಿಂದ ಹಾರಿದವರೂ ಇದ್ದರು. ಸೂರತ್‌ನಲ್ಲಿ 2019ರ ಮೇ 24ರಂದು ತಕ್ಷಶಿಲಾ ಅನ್ನುವ ವಾಣಿಜ್ಯ ಕಟ್ಟಡದಲ್ಲಿ ಸತ್ತ 22 ಜನ ನಿಮ್ಮ ಮಗಳ ಹಾಗೆ ಕ್ಲಾಸಿಗೆ ಬಂದಿದ್ದವರು. ಕ್ಲಾಸ್ ನಡೆಯುತ್ತಿದ್ದದ್ದು ಟೆರೇಸ್ ಮೇಲೆ ಕಟ್ಟಿದ ಶೆಡ್ಡಿನಲ್ಲಿ, ಅದಕ್ಕೆ ಹೋಗುವ ಮರದ ಮೆಟ್ಟಿಲು ಸುಟ್ಟುಹೋಯಿತು. ಮಕ್ಕಳು ಮೇಲಿನಿಂದ ಹಾರುವುದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ದೆಹಲಿಯ ಮುಖರ್ಜಿ ನಗರದಲ್ಲಿ 2023ರ ಜೂನ್ 15ರಂದು ಕೋಚಿಂಗ್ ಹುಡುಗರು ವೈರು, ಹಗ್ಗ ಹಿಡಿದು ಜಾರಿ ಇಳಿದರು. ಎಲ್ಲರೂ ಬದುಕಿದ್ದು ಪುಣ್ಯ.

ಭದ್ರಾವತಿಯವರೇ, ಮುಚ್ಚಿಬಿಟ್ಟರೆ ಅನ್ನುವ ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ಹೇಳುತ್ತೇನೆ, ಮುಚ್ಚಿಸಲು ಹೋಗಬೇಡಿ, ತೆರೆಸಲು ಹೋಗಿ. ಟೆರೇಸ್ ಬೀಗ ತೆಗೆಸುವುದು, ರಟ್ಟು ಖಾಲಿ ಮಾಡಿಸುವುದು, ಫ್ಲೆಕ್ಸ್ ಬಿಚ್ಚಿಸುವುದು, ಸಿಲಿಂಡರ್ ರೀಫಿಲ್ ಮಾಡಿಸಿ ಬಾಗಿಲ ಪಕ್ಕ ಕೈಗೆ ಸಿಗುವ ಹಾಗೆ ತೂಗುಹಾಕುವುದು. ಇದಕ್ಕೆಲ್ಲ ಒಂದು ಭಾನುವಾರ ಸಾಕು, ಖರ್ಚೂ ಜಾಸ್ತಿ ಇಲ್ಲ. ಬೆರಳಚ್ಚಿನ ಬಾಗಿಲಿಗೆ ಒಳಗಡೆ ಹಸಿರು ಪೆಟ್ಟಿಗೆ ಇದೆಯಾ ನೋಡಿ. ಗಾಜು ಒತ್ತಿದರೆ ಲಾಕ್ ಬಿಡುವಂಥದ್ದು. ಕರೆಂಟ್ ಹೋದರೆ ತಾನೇ ತೆರೆಯುತ್ತೆ ಅನ್ನುತ್ತಾರೆ, ಆದರೆ ಬಾಗಿಲಿಗೆ ಬ್ಯಾಟರಿ ಕೊಟ್ಟಿದ್ದರೆ ಕರೆಂಟ್ ಹೋದರೂ ಅದು ಹಿಡಿದುಕೊಂಡೇ ಇರುತ್ತೆ.

ಒಂದೇ ಮೆಟ್ಟಿಲಿನ ಸಮಸ್ಯೆ ಒಂದು ದಿನದಲ್ಲಿ ಬಗೆಹರಿಯಲ್ಲ. ಕ್ಲಾಸು, ಸಭೆ ನಡೆಯುವ ಕಟ್ಟಡದ ಮಹಡಿ 500 ಚದರ ಮೀಟರ್‌ಗಿಂತ ದೊಡ್ಡದಿದ್ದರೆ, 15 ಮೀಟರ್ ಎತ್ತರ ಇಲ್ಲದಿದ್ದರೂ ಎರಡು ಮೆಟ್ಟಿಲು ಬೇಕು ಅಂತ 2005ರ ಸಂಹಿತೆಯಲ್ಲೇ ಇತ್ತು. ನಿಮ್ಮದು ಚಿಕ್ಕ ಕಟ್ಟಡ ಇರಬೇಕು. ಅಂಥ ಕಡೆ ಟೆರೇಸೇ ಎರಡನೇ ದಾರಿ.

ದೂರನ್ನು ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಬರೆಯಿರಿ, ಒಂದು ಪ್ರತಿ ಪಾಲಿಕೆ ಆಯುಕ್ತರಿಗೆ. ನಕ್ಷೆ ಮಂಜೂರು ಮಾಡಿದ್ದು, ಟ್ರೇಡ್ ಲೈಸೆನ್ಸ್ ಕೊಡುವುದು ಪಾಲಿಕೆ. ಒಬ್ಬರೇ ಸಹಿ ಹಾಕಬೇಡಿ, ಹತ್ತಾರು ಪೋಷಕರು ಹಾಕಿ. ಆಗ ಯಾವ ಮಗುವಿನ ಮೇಲೂ ಕಣ್ಣು ಬೀಳಲ್ಲ.

ಉತ್ತರ: ಹಾಸನದ ವಕೀಲ

ಸಾಹೇಬರು ಕಟ್ಟಡದ ಕಡೆಯಿಂದ ಹೇಳಿದ್ದಾರೆ. ನಾನು ದಂಡದ ಬಗ್ಗೆ ಹೇಳುತ್ತೇನೆ, ಮೇಡಂ ಕೇಳಿದ್ದು ಅದನ್ನೇ.

ಭಾರತೀಯ ನ್ಯಾಯ ಸಂಹಿತೆಯ ಕಲಂ 287, ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ. ಶಿಕ್ಷೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿ 285ರಲ್ಲಿ ದಂಡ 1,000 ಇತ್ತು. 80 ಮಕ್ಕಳ ಬ್ಯಾಚ್ ನಡೆಸುವವರಿಗೆ ಇದು ಯಾವ ಲೆಕ್ಕ? ನನಗೆ ಇದನ್ನು ಬರೆಯುವಾಗಲೇ ಬೇಸರವಾಗುತ್ತೆ. ಜೀವ ಹೋದರೆ ಕಲಂ 106, ಅದು 5 ವರ್ಷದವರೆಗೆ. ಅಪಾಯ ಗೊತ್ತಿದ್ದೂ ಬಿಟ್ಟಿದ್ದರು ಅಂತ ಸಾಬೀತಾದರೆ ಕಲಂ 105, ಅದು 10 ವರ್ಷದವರೆಗೂ ಹೋಗುತ್ತೆ.

ನಿಮ್ಮ ಕಾಗದದ ಬೆಲೆ ಇರುವುದು ಈ "ಗೊತ್ತಿದ್ದೂ" ಅನ್ನುವಲ್ಲಿ. ಬೀಗ, ಮೀಟರ್, ರಟ್ಟು ಎಲ್ಲವನ್ನೂ ಬರೆದು, ತಾರೀಖು ಹಾಕಿ, ಫೋಟೋ ಸಮೇತ ಸೆಂಟರಿಗೂ ಓನರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಅದು ತಲುಪಿದ ದಿನದಿಂದ ಅವರು ನಮಗೆ ಗೊತ್ತೇ ಇರಲಿಲ್ಲ ಅನ್ನುವಂತಿಲ್ಲ. 2,000 ರೂಪಾಯಿಗೆ ಹೆದರದ ಓನರ್ ಇದಕ್ಕೆ ಹೆದರುತ್ತಾನೆ. ನಾನು ಕೆಲವು ಕೇಸಿನಲ್ಲಿ ಕಂಡಿದ್ದೇನೆ.

ಇನ್ನೂ ಒಂದು ದಾರಿ ಇದೆ. ಬೆಂಕಿ ಹತ್ತುವ ಹಾಗೆ ಕಟ್ಟಿದ ಕಟ್ಟಡ, ಹಾಗೆ ಇಟ್ಟ ಸಾಮಾನು ಇವನ್ನು ತಡೆಯಲು, ತೆಗೆಸಲು ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಕಲಂ 152, ಹಳೆಯ ಸಿಆರ್‌ಪಿಸಿ 133. ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಇದಕ್ಕೆ ಬೆಂಕಿ ಬೀಳುವವರೆಗೆ ಕಾಯಬೇಕಿಲ್ಲ.

ಕೋಚಿಂಗ್ ಸೆಂಟರ್‌ಗಳ ಬಗ್ಗೆಯೇ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ತಲೆಗೆ ಕನಿಷ್ಠ 1 ಚದರ ಮೀಟರ್ ಜಾಗ, ಬೆಂಕಿ ಸುರಕ್ಷತೆಯ ನಿಯಮ ಪಾಲನೆ, ತಪ್ಪಿದರೆ ಮೊದಲ ಸಲ 25,000, ಎರಡನೇ ಸಲ 1 ಲಕ್ಷ, ಆಮೇಲೆ ನೋಂದಣಿ ರದ್ದು ಅಂತಿದೆ. ಜಾರಿ ಮಾಡಬೇಕಾದ್ದು ರಾಜ್ಯಗಳು. ಆದರೂ ಅರ್ಜಿಯಲ್ಲಿ ಇದನ್ನು ಬರೆಯಿರಿ.

ದೆಹಲಿಯ ಉಪಹಾರ್ ಚಿತ್ರಮಂದಿರದ ಕೇಸ್ ಗೊತ್ತಿರಬಹುದು. 1997ರ ಜೂನ್ 13ಕ್ಕೆ 59 ಜನ ಸತ್ತರು. ಬಾಲ್ಕನಿಯ ಒಂದು ಬದಿಯ ದಾರಿ ಮುಚ್ಚಿ ಹೆಚ್ಚುವರಿ ಸೀಟು ಹಾಕಿದ್ದರು. ಸುಪ್ರೀಂ ಕೋರ್ಟ್ ಮಾಲೀಕರಿಬ್ಬರಿಗೆ ತಲಾ 30 ಕೋಟಿ ದಂಡ ಹಾಕಿದ್ದು 2015ರಲ್ಲಿ. ಮಕ್ಕಳನ್ನು ಕಳೆದುಕೊಂಡವರು ಅಷ್ಟೂ ವರ್ಷ ಕೋರ್ಟಿಗೆ ಅಲೆದರು.

ಉತ್ತರ: ಮಾಟುಂಗದ ಹೋಟೆಲಿನವ

ಮುಂಬೈಯಿಂದ ಬರೆಯುತ್ತಿದ್ದೇನೆ, ಊರು ಕುಂದಾಪುರ. ಇಲ್ಲಿ ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತೆ ಕಾಯ್ದೆ ಪ್ರಕಾರ ಪ್ರತಿ ಜನವರಿ ಮತ್ತು ಜುಲೈಗೆ ಲೈಸೆನ್ಸ್ ಇರುವ ಏಜೆನ್ಸಿಯಿಂದ ಸರ್ಟಿಫಿಕೇಟ್ ಮಾಡಿಸಿ ಕೊಡಬೇಕು, ಬೆಂಕಿ ಆರಿಸುವ ವ್ಯವಸ್ಥೆ ಸರಿಯಾಗಿದೆ ಅಂತ. ಅಪಾಯ ಕಂಡರೆ ನೀರು, ಕರೆಂಟ್ ಕತ್ತರಿಸಲೂ ಅಧಿಕಾರ ಇದೆ. ದಂಡಕ್ಕಿಂತ ನಮಗೆ ಭಯ ಇದಕ್ಕೇ. ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ಕ್ಕೆ 14 ಜನ ಹೋದ ಮೇಲೆ ಪಾಲಿಕೆಯವರು ಬಂದು ಅಕ್ರಮ ಕಟ್ಟಡಗಳನ್ನು ಒಡೆದುಹಾಕಿದ್ದು ಕಣ್ಣಾರೆ ಕಂಡವರು ನಾವು.

ಅಕ್ಕಾ, ಕೆಳಗಿನ ಬೇಕರಿಯನ್ನೂ ಒಮ್ಮೆ ನೋಡಿ. ಕಮರ್ಷಿಯಲ್ ಸಿಲಿಂಡರ್ 19 ಕೆಜಿ. ಲೈಸೆನ್ಸ್ ಇಲ್ಲದೆ ಒಟ್ಟು 100 ಕೆಜಿ ಗ್ಯಾಸ್‌ವರೆಗೆ ಮಾತ್ರ ಇಡಬಹುದು, ಅಂದರೆ ಐದು. ಖಾಲಿ, ತುಂಬಿದ್ದು ಅಂತ ಮೆಟ್ಟಿಲ ಹತ್ತಿರ ಸಾಲು ನಿಲ್ಲಿಸಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ. ಮನೆಯ 14.2 ಕೆಜಿಯ ಸಿಲಿಂಡರ್ ಅಂಗಡಿಯಲ್ಲಿ ಬಳಸುವಂತೆಯೇ ಇಲ್ಲ.

ಮತ್ತೆ: ಶಿವಮೊಗ್ಗದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಸೂರತ್ ಅಂತ ಬರೆದರು, ಅಷ್ಟೇ, ಒಬ್ಬೊಬ್ಬರೇ ಸಹಿ ಹಾಕುತ್ತೇವೆ ಅಂದರು. ವಕೀಲರು ಹೇಳಿದ ಹಾಗೆ ಸೆಂಟರಿಗೆ, ಓನರಿಗೆ ರಿಜಿಸ್ಟರ್ಡ್ ಪೋಸ್ಟ್ ಹೋಯಿತು. ಅಗ್ನಿಶಾಮಕ ಕಚೇರಿಯಲ್ಲಿ ಅರ್ಜಿ ಕೊಟ್ಟು ಪ್ರತಿಗೆ ಸೀಲ್ ಹಾಕಿಸಿಕೊಂಡೆವು.

ರಟ್ಟು ಹೋಗಿದೆ. ಫ್ಲೆಕ್ಸ್ ಅರ್ಧ ತೆಗೆದಿದ್ದಾರೆ. ಬೇಕರಿಯಲ್ಲಿ ಗ್ಯಾಸ್ ಹಿಂದಿನ ಅಂಗಳದಲ್ಲೇ ಇದೆ, ಅದು ಸರಿಯಾಗಿದೆ. ಟೆರೇಸ್ ಬೀಗ ಮಾತ್ರ ಹಾಗೇ ಇದೆ. ಬೀಗದ ಕೈ ತರಿಸಿ ಆಫೀಸಿನ ಗೋಡೆಗೆ ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದೇವೆ, ಬೀಗ ತೆಗೆದರೆ ಕಳ್ಳರು ಬರುತ್ತಾರೆ, ಹುಡುಗರು ಮೇಲೆ ಹೋಗಿ ಕೂರುತ್ತಾರೆ ಅನ್ನುತ್ತಾರೆ ಮ್ಯಾನೇಜರ್. ಸಾರ್, ಇದಕ್ಕೆ ಒಪ್ಪಿಕೊಳ್ಳಬಹುದಾ?

ಉತ್ತರ: ನಿವೃತ್ತ ಠಾಣಾಧಿಕಾರಿ, ಅಗ್ನಿಶಾಮಕ

ಒಪ್ಪಬೇಡಿ ಅಮ್ಮಾ. ಹೊಗೆ ತುಂಬಿದಾಗ ಎದುರಿಗೆ ಚಾಚಿದ ಕೈಯೇ ಕಾಣಲ್ಲ. ಗಾಜು ಒಡೆದು, ಬೀಗದ ಕೈ ಹಿಡಿದು, ಕತ್ತಲಲ್ಲಿ ಮೆಟ್ಟಿಲು ಹತ್ತಿ, ತುಕ್ಕು ಹಿಡಿದ ಬೀಗಕ್ಕೆ ತೂರಿಸುವವರು ಯಾರು? ಮ್ಯಾನೇಜರ್ ಆ ದಿನ ರಜೆಯಲ್ಲಿದ್ದರೆ?

ಕಳ್ಳರ ಭಯಕ್ಕೆ ಬೇರೆ ಉಪಾಯ ಇದೆ. ಗ್ರಿಲ್ಲಿಗೆ ಒಳಗಡೆಯಿಂದ ಬರೀ ಚಿಲಕ ಹಾಕಿಸಲಿ, ಹೊರಗಿನಿಂದ ಕೈ ತೂರದ ಹಾಗೆ ಒಂದು ತಗಡು ಬೆಸುಗೆ ಹಾಕಿಸಲಿ. ಟೆರೇಸ್ ಕಡೆಯಿಂದ ಬರುವವರಿಗೆ ತೆರೆಯಲ್ಲ, ಮಕ್ಕಳಿಗೆ ತೆರೆಯುತ್ತೆ. ಹುಡುಗರು ಹೋಗಿ ಕೂರುತ್ತಾರೆ ಅನ್ನುವುದಾದರೆ ಬಾಗಿಲು ತೆಗೆದ ಕೂಡಲೇ ಕೂಗುವ ಒಂದು ಅಲಾರಂ ಹಾಕಲಿ. ಇನ್ವರ್ಟರ್ ಲೈಟ್ ಒಂದು ಮೆಟ್ಟಿಲಿಗೂ ಇರಲಿ. ಇಷ್ಟನ್ನೂ ಬರೆದು ಎರಡನೇ ಕಾಗದ ಕೊಡಿ, ಮೊದಲನೆಯದರ ಸೀಲ್ ಪ್ರತಿ ಲಗತ್ತಿಸಿ.

ಅಗ್ನಿಶಾಮಕದವರು ತಪಾಸಣೆಗೆ ಬಂದಾಗ ಅಣಕು ಕಾರ್ಯಾಚರಣೆ ಮಾಡಿಸಿಕೊಡಿ ಅಂತ ಬಾಯಿಬಿಟ್ಟು ಕೇಳಿ. 80 ಮಕ್ಕಳೂ ಕ್ಲಾಸಿನಿಂದ ಎದ್ದು ಅರ್ಧದಷ್ಟು ಕೆಳಗೆ, ಅರ್ಧದಷ್ಟು ಮೇಲೆ ಹೋಗಿ ನೋಡಲಿ. ಎಲ್ಲಿ ತಡೆ ಆಗುತ್ತೆ ಅಂತ ಆಗಲೇ ಗೊತ್ತಾಗುವುದು. ತಾರೀಖು ಗೊತ್ತಾದರೆ ಇಲ್ಲೇ ಬರೆಯಿರಿ. ನಾನಿರುವುದು ತೀರ್ಥಹಳ್ಳಿಯಲ್ಲಿ, ಬೆಳಗಿನ ಬಸ್ಸಿಗೆ ಬಂದುಬಿಡುತ್ತೇನೆ.